ಅಕ್ಕನ ಕಂಕುಳಿನಿಂದ ಕೂಸಿನ ಮನೆಗೆ: ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಶಿಶುಪಾಲನೆಯ ಚರಿತ್ರೆ

೧

ಚರಿತ್ರೆಯ ಬರವಣಿಗೆಯಲ್ಲಿ ಹಸುಗೂಸುಗಳಿಗೆ ದೊರೆತಿರುವ ಸ್ಥಾನ ತೀರ ಕಡಿಮೆ. ಶಾಸನಗಳು ದಾನ ಕೊಟ್ಟವರನ್ನೂ ಕಾಳಗದಲ್ಲಿ ಮಡಿದವರನ್ನೂ ಹೆಸರಿಸುತ್ತವೆ. ಕಂದಾಯದ ಕಡತಗಳು ಹೊಲ, ಕೆರೆ, ತೋಟಗಳನ್ನು ಅಳೆಯುತ್ತವೆ. ಆದರೆ ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಣ್ಣಿನ ಕೂಸು ಆ ಹೊತ್ತಿನಲ್ಲಿ ಎಲ್ಲಿತ್ತು, ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಯನ್ನು ಇವು ಯಾವುವೂ ಕೇಳುವುದಿಲ್ಲ. ಈ ಪ್ರಶ್ನೆಗೆ ಉತ್ತರವು ಬಹುಮಟ್ಟಿಗೆ ಜನಪದರ ಆಚರಣೆ, ಹಾಡು, ಗಾದೆ, ಆಟಗಳಲ್ಲಿ ಉಳಿದುಕೊಂಡಿದೆ. ಜಾನಪದ ಅಧ್ಯಯನವೂ ಜೋಗುಳವನ್ನು ಸಂಗ್ರಹಿಸಬೇಕಾದ ಪಠ್ಯವೆಂದು ನೋಡಿದಷ್ಟು, ಕೂಸನ್ನು ಬೆಳೆಸುವ ಕೆಲಸದ ಭಾಗವೆಂದು ನೋಡಿಲ್ಲ. ೧೯೩೧ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದಂದಿನಿಂದ ತಾಯಿ-ಕೂಸಿನ ಹಾಡುಗಳು ಅಚ್ಚಾಗುತ್ತ ಬಂದಿವೆ. ಹಾಡಿದ ತಾಯಿ ಕೂಲಿಗೆ ಹೋದ ಮೇಲೆ ಆ ಕೂಸಿಗೆ ಹಾಡಿದವರು ಯಾರು ಎಂಬುದು ಮಾತ್ರ ಚರ್ಚೆಗೆ ಬರಲಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳನ್ನು ಕೇಂದ್ರದಲ್ಲಿಟ್ಟುಕೊಂಡು, ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಕೂಸುಗಳ ಪಾಲನೆಯ ಸ್ವರೂಪವು ಹೇಗೆ ಬದಲಾಗುತ್ತ ಬಂದಿತು ಮತ್ತು ಆ ಬದಲಾವಣೆಯು ಕೂಸುಗಳ ಬೆಳವಣಿಗೆಯ ಮೇಲೆ ಯಾವ ಪರಿಣಾಮವನ್ನು ಬೀರಬಲ್ಲದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಮೂರು ವರ್ಷದೊಳಗಿನ ಕೂಸುಗಳ ಹಗಲಿನ ಪಾಲನೆಗೆಂದು ಕರ್ನಾಟಕ ಸರ್ಕಾರವು ೨೦೨೩ರಲ್ಲಿ ಗ್ರಾಮ ಪಂಚಾಯಿತಿಗಳ ಮೂಲಕ ಆರಂಭಿಸಿದ ‘ಕೂಸಿನ ಮನೆ’ ಯೋಜನೆಯು ಈ ಪ್ರಶ್ನೆಯನ್ನು ಮತ್ತೆ ಎತ್ತಲು ಕಾರಣವಾಗಿದೆ.

ಈ ನಾಲ್ಕು ತಾಲ್ಲೂಕುಗಳನ್ನು ಒಂದೇ ಪ್ರದೇಶವೆಂದು ಭಾವಿಸುವಂತಿಲ್ಲ. ದಾವಣಗೆರೆ ಜಿಲ್ಲೆಯು ೧೯೯೭ರ ಆಗಸ್ಟ್ ೧೫ರಂದು ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿಯು ೨೦೧೭ರ ಮುಂಗಡ ಪತ್ರದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದಾಗಿ ಹೊನ್ನಾಳಿಯಿಂದ ಬೇರ್ಪಟ್ಟಿತು. ಚನ್ನಗಿರಿಯದು ಅಡಿಕೆ ತೋಟಗಳ, ಸೂಳೆಕೆರೆ ಎಂದು ಹೆಸರಾದ ಶಾಂತಿಸಾಗರದ ಮತ್ತು ಭದ್ರಾ ನಾಲೆಯ ಸೀಮೆ. ಹೊನ್ನಾಳಿ ತುಂಗಭದ್ರೆಯ ದಂಡೆಯ ಭತ್ತ, ಮೆಕ್ಕೆಜೋಳಗಳ ನಾಡು. ನ್ಯಾಮತಿಯಲ್ಲಿ ಲಂಬಾಣಿ ತಾಂಡಾಗಳಿವೆ. ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬಲಾದ ಸೂರಗೊಂಡನಕೊಪ್ಪ ಈ ತಾಲ್ಲೂಕಿನಲ್ಲಿದೆ. ಜಗಳೂರು ಮಳೆಯನ್ನೇ ನೆಚ್ಚಿದ, ಬರಕ್ಕೆ ಮತ್ತೆ ಮತ್ತೆ ತುತ್ತಾದ ನೆಲ. ಬೇರೆಬೇರೆ ಬೆಳೆಗಳ ಈ ನಾಲ್ಕು ಕಡೆಗಳಲ್ಲಿಯೂ ಸಮಾನವಾದದ್ದು ಹೆಣ್ಣಿನ ಕೂಲಿ. ನಾಟಿ, ಕಳೆ, ಕೊಯ್ಲು, ಅಡಿಕೆ ಸುಲಿತ, ಬದುವಿನ ಮಣ್ಣು ಕೆಲಸ ಇವೆಲ್ಲವೂ ಆಕೆಯ ಕೈಯನ್ನು ಬೇಡುತ್ತವೆ. ಕೂಸನ್ನು ಎತ್ತಿಕೊಳ್ಳಬೇಕಾದದ್ದೂ ಅದೇ ಕೈ.

೨

ಹೆರಿಗೆಗೆ ತವರಿಗೆ ಹೋದ ಮಗಳು ಬಾಣಂತನ ಮುಗಿಸಿ ಮೂರು ಅಥವಾ ಐದು ತಿಂಗಳಿಗೆ ತೊಟ್ಟಿಲಿನೊಂದಿಗೆ ಗಂಡನ ಮನೆಗೆ ಮರಳುವುದು ಈ ಭಾಗದಲ್ಲಿಯೂ ರೂಢಿ. ಬಾಣಂತನದ ಅವಧಿಯಲ್ಲಿ ತಾಯಿಗೂ ಕೂಸಿಗೂ ಎಣ್ಣೆ, ನೀರು, ಹೊಗೆ, ಪಥ್ಯದ ವ್ಯವಸ್ಥೆಯಿರುತ್ತದೆ, ಎರೆಯುವ ಅಜ್ಜಿಯಿರುತ್ತಾಳೆ. ಮರಳಿ ಬಂದ ದಿನದಿಂದ ಈ ವ್ಯವಸ್ಥೆ ಇಲ್ಲವಾಗುತ್ತದೆ. ಕೂಲಿಯನ್ನು ನಂಬಿದ ಮನೆಯಲ್ಲಿ ತಾಯಿ ಹೊಲಕ್ಕೆ ಹೊರಡಲೇಬೇಕು. ಕೂಸು ಎದೆಹಾಲಿನ ಜೊತೆಗೆ ಬೇರೆ ಆಹಾರವನ್ನು ಕಲಿಯಬೇಕಾದ, ತೆವಳುವ, ನಿಲ್ಲುವ, ಮಾತಾಡಲು ತೊಡಗುವ ಕಾಲವೂ ಅಲ್ಲಿಂದಲೇ ಆರಂಭವಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ಕಾಲಕ್ಕೆ ಜನಪದ ಸಮಾಜವು ಕಂಡುಕೊಂಡ ಪರಿಹಾರವೆಂದರೆ ಹಲವು ಕೈಗಳು. ಹೆಸರಿಡುವ ದಿನ ಮುತ್ತೈದೆಯರು ತೊಟ್ಟಿಲ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಕೂಸನ್ನು ಕೈಯಿಂದ ಕೈಗೆ ದಾಟಿಸುವ ಆಚರಣೆಯನ್ನು ಕರ್ನಾಟಕದ ಅನೇಕ ಭಾಗಗಳಲ್ಲಿ ಕಾಣುತ್ತೇವೆ. ಇದನ್ನು ಕೇವಲ ಶುಭಶಾಸ್ತ್ರವೆಂದು ಬಿಡದೆ, ಕೂಸು ಇನ್ನು ಮೇಲೆ ಒಬ್ಬಳದಲ್ಲ ಎಂಬ ಸಾರ್ವಜನಿಕ ಘೋಷಣೆಯೆಂದು ಓದಬಹುದು. ಕನ್ನಡಿಗರೆಲ್ಲರಿಗೂ ಪರಿಚಿತವಾದ ‘ಗೋವಿನ ಹಾಡಿ’ನಲ್ಲಿ ಪುಣ್ಯಕೋಟಿಯು ಹುಲಿಯ ಬಳಿಗೆ ಹೊರಡುವ ಮುನ್ನ ತನ್ನ ಕರುವನ್ನು ಹಿಂಡಿನ ಉಳಿದ ಹಸುಗಳಿಗೆ ಒಪ್ಪಿಸುತ್ತದೆ. ಆ ಹಾಡನ್ನು ನಾವು ಸತ್ಯನಿಷ್ಠೆಯ ಕಥನವೆಂದು ಮಾತ್ರ ಬೋಧಿಸುತ್ತ ಬಂದಿದ್ದೇವೆ. ತಾಯಿ ಇಲ್ಲದ ಹೊತ್ತಿನಲ್ಲಿ ಕರುವನ್ನು ನೋಡಿಕೊಳ್ಳುವುದು ಹಿಂಡಿನ ಹೊಣೆ ಎಂಬ ಮಾತೂ ಅದರಲ್ಲಿದೆ.

ದಿನನಿತ್ಯದ ವ್ಯವಹಾರದಲ್ಲಿ ಈ ‘ಹಲವು ಕೈ’ಗಳೆಂದರೆ ಎರಡೇ: ಅಜ್ಜಿಯದು ಮತ್ತು ಅಕ್ಕನದು. ಅಜ್ಜಿಗೆ ಶಕ್ತಿಯಿದ್ದಷ್ಟು ದಿನ ಆಕೆಯೂ ಕೂಲಿಗೆ ಹೋಗುತ್ತಿದ್ದುದರಿಂದ ಕೂಸಿನ ಭಾರವು ಹೆಚ್ಚಾಗಿ ಬೀಳುತ್ತಿದ್ದುದು ಆರರಿಂದ ಹನ್ನೆರಡು ವರ್ಷದ ಅಕ್ಕನ ಕಂಕುಳಿಗೆ. ಹಳಗನ್ನಡದಲ್ಲಿ ‘ಕೂಸು’ ಎಂಬ ಪದಕ್ಕೆ ಎಳೆಯ ಮಗು ಎಂಬಂತೆ ಹುಡುಗಿ ಎಂಬ ಅರ್ಥವೂ ಇತ್ತು. ‘ಕನ್ನೆಗೂಸು’ ಎಂಬ ಸಮಾಸದಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಕೂಸನ್ನು ಎತ್ತಿಕೊಂಡವಳೂ ಒಂದು ಕೂಸೇ ಎಂಬ ಸ್ಥಿತಿಗೆ ಈ ಪದದ ಎರಡರ್ಥವು ಆಕಸ್ಮಿಕವಾಗಿಯಾದರೂ ಸಾಕ್ಷಿಯಾಗಿದೆ. ಅಕ್ಕನೂ ಇಲ್ಲದ ಮನೆಯ ಕೂಸು ತಾಯಿಯೊಂದಿಗೆ ಹೊಲಕ್ಕೆ ಹೋಗುತ್ತಿತ್ತು. ಬದುವಿನ ಬೇವಿಗೋ ಹುಣಸೆಗೋ ಹಳೆಯ ಸೀರೆಯ ಜೋಲಿ ಕಟ್ಟಿ ಮಲಗಿಸಿ, ಸಾಲಿನ ತುದಿಗೆ ಬಂದಾಗಲೆಲ್ಲ ತಾಯಿ ಒಮ್ಮೆ ತೂಗಿ ಹೋಗುತ್ತಿದ್ದಳು.

ಈ ಪಾಲನೆಯಲ್ಲಿ ಮಾತು ಮತ್ತು ಸ್ಪರ್ಶಗಳು ಧಾರಾಳವಾಗಿದ್ದವು. ಅಂಗೈ ಮೇಲೆ ಬೆರಳಾಡಿಸಿ ಕಂಕುಳಿನವರೆಗೆ ನಡೆಸಿ ಕಚಗುಳಿಯಿಡುವ ಆಟ, ಚಪ್ಪಾಳೆಯಾಟ, ಮೊರೆ ಮುಚ್ಚಿ ತೆರೆಯುವ ಆಟ, ಕಾಗೆ ಗುಬ್ಬಿಯ ಕತೆ, ಚಂದಮಾಮನನ್ನು ತೋರಿಸುತ್ತ ತುತ್ತು ಉಣಿಸುವ ಕ್ರಮ, ‘ಬುವ್ವ’, ‘ಮಮ್ಮು’, ‘ತಾಚಿ’ಗಳಂಥ ತೊದಲು ಪದಗಳು ಇವೆಲ್ಲವೂ ಕೂಸಿನ ನೋಟ, ನಗು, ಸದ್ದುಗಳಿಗೆ ದೊಡ್ಡವರು ಕೊಡುವ ಮರುಪ್ರತಿಕ್ರಿಯೆಗಳೇ. ಜೋಗುಳವೂ ಕೂಸು ಅತ್ತಾಗ ಏರುತ್ತದೆ, ಕಣ್ಣು ಮುಚ್ಚಿದಾಗ ಇಳಿಯುತ್ತದೆ. ಹಾಡುಗಾತಿಯು ಕೇಳುಗನನ್ನು ನೋಡಿಯೇ ಹಾಡುತ್ತಾಳೆ.

ಹಾಗೆಂದು ಪರಂಪರೆಯನ್ನು ಆದರ್ಶೀಕರಿಸುವುದು ಸಾಧುವಲ್ಲ. ಅಕ್ಕನ ಕಂಕುಳಿಗೆ ಕೂಸು ಬಂದದ್ದು ಆಕೆಯ ಶಾಲೆಯನ್ನು ಕಸಿದುಕೊಂಡು. ಎಂಟು ವರ್ಷದ ಹುಡುಗಿ ಕೂಸನ್ನು ಆಡಿಸಬಲ್ಲಳು. ಆದರೆ ದಿನಕ್ಕೆ ಹಲವು ಬಾರಿ ಮೆತ್ತನೆಯ ಆಹಾರವನ್ನು ಕಾಯಿಸಿ ಉಣಿಸುವುದು, ಭೇದಿಯಾದಾಗ ಅದರ ಅಪಾಯವನ್ನು ಅರಿಯುವುದು ಆಕೆಯಿಂದ ಆಗದು. ಜೋಲಿಯ ಕೂಸಿಗೆ ಬಿಸಿಲು, ಇರುವೆ, ಹಾವುಗಳ ಭಯವಿತ್ತು. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಸೂತಕದ ಕಾರಣದಿಂದ ಊರಾಚೆಯ ಗುಡಿಸಲಿನಲ್ಲಿ ಇರಿಸುವ ಪದ್ಧತಿಯು ಎಂಥ ಬೆಲೆಯನ್ನು ಕೇಳಬಲ್ಲದು ಎಂಬುದಕ್ಕೆ, ೨೦೨೩ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರ ಹಸುಗೂಸು ಮಳೆ-ಶೀತಕ್ಕೆ ಸಿಕ್ಕಿ ಮೃತಪಟ್ಟ ಘಟನೆಯೇ ನಿದರ್ಶನ. ಪರಂಪರೆಯಲ್ಲಿ ಉಳಿಸಿಕೊಳ್ಳಬೇಕಾದದ್ದೂ ಬಿಡಬೇಕಾದದ್ದೂ ಎರಡೂ ಇವೆ.

೩

ಪ್ರಭುತ್ವದ ಕಣ್ಣಿಗೆ ಕೂಸು ಮೊದಲು ಬಿದ್ದದ್ದು ಹೊಲದಲ್ಲಲ್ಲ, ಗಿರಣಿಯಲ್ಲಿ. ದುಡಿಯುವ ತಾಯಂದಿರು ಕೂಸುಗಳಿಗೆ ಅಫೀಮು ತಿನ್ನಿಸಿ ಮಲಗಿಸುವುದನ್ನು ೧೯೩೧ರಲ್ಲಿ ವರದಿ ನೀಡಿದ ರಾಯಲ್ ಕಾರ್ಮಿಕ ಆಯೋಗವು ದಾಖಲಿಸಿತು; ಕಾರ್ಖಾನೆಗಳಲ್ಲಿ ಶಿಶುಪಾಲನಾ ಕೊಠಡಿಗಳಿರಬೇಕೆಂದು ಸೂಚಿಸಿತು. ಸ್ವಾತಂತ್ರ್ಯಾನಂತರ ೧೯೪೮ರ ಕಾರ್ಖಾನೆಗಳ ಕಾಯ್ದೆಯು ೫೦ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆಗಳಲ್ಲಿ ಇದನ್ನು ಕಡ್ಡಾಯಗೊಳಿಸಿತು. ೧೯೭೬ರ ತಿದ್ದುಪಡಿಯಲ್ಲಿ ಈ ಸಂಖ್ಯೆ ೩೦ಕ್ಕೆ ಇಳಿಯಿತು. ೧೯೫೧ರ ತೋಟ ಕಾರ್ಮಿಕರ ಕಾಯ್ದೆಯು ಕಾಫಿ, ಚಹಾ ತೋಟಗಳಿಗೂ ಇಂಥದೇ ಹೊಣೆಯನ್ನು ಹೊರಿಸಿತು. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆ ನಗರವು ಈ ಕಾನೂನಿನ ವ್ಯಾಪ್ತಿಯೊಳಗೆ ಬಂದಿತು. ಆ ಗಿರಣಿಗಳಿಗೆ ಹತ್ತಿ ಬೆಳೆದುಕೊಟ್ಟ ಸುತ್ತಲ ಹಳ್ಳಿಗಳ ಹೆಂಗಸರು ಹೊರಗುಳಿದರು. ಒಬ್ಬ ಮಾಲೀಕ, ಒಂದು ಗೋಡೆ, ಒಂದು ಹಾಜರಿ ಪುಸ್ತಕ ಇದ್ದಲ್ಲಿ ಮಾತ್ರ ಕಾನೂನು ಕೂಸನ್ನು ಕಂಡಿತು. ಇಂದು ಒಬ್ಬರ ಹೊಲ, ನಾಳೆ ಇನ್ನೊಬ್ಬರ ತೋಟವೆಂದು ದುಡಿಯುವ ತಾಯಿಯ ಕೂಸಿಗೆ ಉತ್ತರ ಕೊಡಬೇಕಾದ ಮಾಲೀಕನೇ ಇರಲಿಲ್ಲ.

೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿಂದ ಹರಡಿದ ಅಂಗನವಾಡಿಯು ಗ್ರಾಮೀಣ ಬಾಲ್ಯದ ಅತಿ ಮುಖ್ಯ ಸಂಸ್ಥೆಯಾಯಿತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದರ ಅಂಗಳಕ್ಕೆ ದಿನವೂ ಬಂದು ಕೂರುವುದು ಮೂರರಿಂದ ಆರು ವರ್ಷದ ಮಗು. ಮೂರರೊಳಗಿನ ಕೂಸಿಗೆ ಸಲ್ಲುವುದು ಮನೆಗೆ ಒಯ್ಯುವ ಆಹಾರ, ಲಸಿಕೆ ಮತ್ತು ತೂಕ. ಮನೆಗೆ ಒಯ್ದ ಆಹಾರವನ್ನು ಹಗಲಿನಲ್ಲಿ ಕೂಸಿಗೆ ಉಣಿಸುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ದುಡಿಯುವ ತಾಯಂದಿರಿಗಾಗಿ ೧೯೭೫ರಿಂದಲೇ ಇದ್ದ ಶಿಶುಪಾಲನಾ ಕೇಂದ್ರಗಳ ಯೋಜನೆಯು ೨೦೦೬ರಲ್ಲಿ ರಾಜೀವ್ ಗಾಂಧಿ ರಾಷ್ಟ್ರೀಯ ಯೋಜನೆಯಾಗಿ, ೨೦೧೭ರಲ್ಲಿ ರಾಷ್ಟ್ರೀಯ ಶಿಶುಪಾಲನಾ ಯೋಜನೆಯಾಗಿ, ೨೦೨೨ರಲ್ಲಿ ‘ಪಾಲನಾ’ ಆಗಿ ಹೆಸರು ಬದಲಿಸುತ್ತ ಬಂದರೂ ಹಳ್ಳಿಯ ಮಟ್ಟಿಗೆ ಅದರ ಹರವು ಕಿರಿದಾಗಿಯೇ ಇತ್ತು.

ಇದೇ ಅವಧಿಯಲ್ಲಿ ಮತ್ತೊಂದು ಸ್ಥಿತ್ಯಂತರವು ಸದ್ದಿಲ್ಲದೆ ನಡೆಯಿತು. ಚಿಣ್ಣರ ಅಂಗಳ, ಮಧ್ಯಾಹ್ನದ ಬಿಸಿಯೂಟ, ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇವೆಲ್ಲವೂ ಸೇರಿ ಅಕ್ಕನನ್ನು ಶಾಲೆಗೆ ಕರೆದೊಯ್ದವು. ಇದು ಸ್ವಾಗತಾರ್ಹವಾದ, ಬಹುಕಾಲದಿಂದ ಸಲ್ಲಬೇಕಾಗಿದ್ದ ನ್ಯಾಯ. ಆದರೆ ಆಕೆಯ ಕಂಕುಳಿನಿಂದ ಇಳಿದ ಕೂಸನ್ನು ಎತ್ತಿಕೊಳ್ಳಲು ಬೇರೆ ಯಾರನ್ನೂ ನೇಮಿಸಲಿಲ್ಲ. ಕುಟುಂಬಗಳು ಚಿಕ್ಕವಾದವು, ಮೆಕ್ಕೆಜೋಳ, ಅಡಿಕೆಗಳ ವಿಸ್ತರಣೆಯೊಂದಿಗೆ ಹೆಣ್ಣಿನ ಕೂಲಿಗೆ ಬೇಡಿಕೆಯಿತ್ತು, ಬರದ ವರ್ಷಗಳಲ್ಲಿ ಕೂಸನ್ನು ಕಟ್ಟಿಕೊಂಡೇ ಗುಳೆ ಹೋಗುವ ಕುಟುಂಬಗಳೂ ಇದ್ದವು. ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎಂಬುದು ಅವಸರದವರನ್ನು ಗೇಲಿ ಮಾಡುವ ಗಾದೆ. ನಮ್ಮ ಆಡಳಿತವು ಇದಕ್ಕೆ ವಿರುದ್ಧವಾಗಿ ನಡೆಯಿತು: ಆರು ವರ್ಷದ ಮಗುವಿಗೆ ಮೊದಲು, ಮೂರರ ಮಗುವಿಗೆ ಆಮೇಲೆ, ಕೂಸಿಗೆ ಎಲ್ಲರಿಗಿಂತ ಕೊನೆಯಲ್ಲಿ ಕುಲಾವಿ ಹೊಲಿಯಿತು.

೪

ಹೀಗೆ ಕೊನೆಗೆ ಉಳಿದ ವಯಸ್ಸೇ ಬೆಳವಣಿಗೆಯ ದೃಷ್ಟಿಯಿಂದ ಅತ್ಯಂತ ನಿರ್ಣಾಯಕವಾದದ್ದು. ಮಿದುಳಿನ ಬೆಳವಣಿಗೆಯ ವೇಗವು ಬದುಕಿನ ಮೊದಲ ಮೂರು ವರ್ಷಗಳಲ್ಲಿ ಅತ್ಯಧಿಕವಾಗಿರುತ್ತದೆ ಎಂಬುದು ಇಂದು ಒಪ್ಪಿತವಾದ ಸಂಗತಿ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯು ಶಿಸ್ತಿನ ಬಗ್ಗೆ ಹೇಳಿದ್ದನ್ನು ಶರೀರಶಾಸ್ತ್ರವು ಪೋಷಣೆಯ ಬಗ್ಗೆ ಹೇಳುತ್ತಿದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. ೩೫.೪ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ. ೩೨.೯ರಷ್ಟು ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದವರು. ಎತ್ತರದ ಈ ಕುಂಠಿತವು ಬಹುಪಾಲು ಎರಡು ವರ್ಷದೊಳಗೇ ಆಗಿಹೋಗುತ್ತದೆ. ಮೂರನೆಯ ವರ್ಷಕ್ಕೆ ಅಂಗನವಾಡಿಯ ಹೊಸ್ತಿಲು ದಾಟುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಇದರ ಕಾರಣವನ್ನು ದಿನದ ಲೆಕ್ಕದಲ್ಲಿ ಹೇಳಬಹುದು. ಒಂದು ವರ್ಷದ ಕೂಸಿನ ಹೊಟ್ಟೆ ಚಿಕ್ಕದು. ಎದೆಹಾಲಿನ ಜೊತೆಗೆ ದಿನಕ್ಕೆ ಮೂರು ನಾಲ್ಕು ಬಾರಿ ರಾಗಿ ಸರಿ, ಮೆತ್ತಗಿನ ಅನ್ನ-ಬೇಳೆಗಳಂಥ ಗಟ್ಟಿ ಆಹಾರ ಅದಕ್ಕೆ ಬೇಕು. ತಾಯಿ ಬೆಳಿಗ್ಗೆ ಹೊರಟು ಸಂಜೆ ಮರಳಿದರೆ ಇವುಗಳಲ್ಲಿ ಎರಡಾದರೂ ತಪ್ಪಿಹೋಗುತ್ತವೆ. ಮನೆಯಲ್ಲಿ ರಾಗಿಯಿದ್ದೂ ಕೂಸು ಹಸಿದಿರುವುದು ಹೀಗೆ. ಆದುದರಿಂದ ಇದು ಬಡತನದ ಪ್ರಶ್ನೆಯಾಗಿರುವಷ್ಟೇ ಉಣಿಸುವ ಕೈಯ ಪ್ರಶ್ನೆಯೂ ಆಗಿದೆ. ಜಾರ್ಖಂಡ್ ಮತ್ತು ಒಡಿಶಾದ ಹಳ್ಳಿಗಳಲ್ಲಿ ಮಹಿಳಾ ಗುಂಪುಗಳ ಸಭೆ ಹಾಗೂ ಮನೆ ಭೇಟಿಗಳ ಜೊತೆಗೆ ಶಿಶುಪಾಲನಾ ಕೇಂದ್ರಗಳನ್ನೂ ನಡೆಸಿ ಕೈಗೊಂಡ, ೨೦೧೯ರಲ್ಲಿ ಪ್ರಕಟವಾದ ಅಧ್ಯಯನವು ಮೂರು ವರ್ಷದೊಳಗಿನ ಮಕ್ಕಳ ಅಪೌಷ್ಟಿಕತೆ ಗಣನೀಯವಾಗಿ ಇಳಿದುದನ್ನು ತೋರಿಸಿತು.

ಆದರೆ ಅನ್ನವೊಂದೇ ಸಾಲದು. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ೧೯೮೦ರ ದಶಕದಲ್ಲಿ ಬೆಳವಣಿಗೆ ಕುಂಠಿತವಾಗಿದ್ದ, ೯ರಿಂದ ೨೪ ತಿಂಗಳಿನ ೧೨೯ ಕೂಸುಗಳ ಮೇಲೆ ನಡೆದ ಅಧ್ಯಯನವು ಈ ಕ್ಷೇತ್ರದಲ್ಲಿ ಪ್ರಸಿದ್ಧವಾದದ್ದು. ಕೆಲವು ಕೂಸುಗಳಿಗೆ ಪೂರಕ ಆಹಾರ ದೊರೆಯಿತು. ಕೆಲವರ ಮನೆಗೆ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆ ಹೋಗಿ ತಾಯಿ-ಕೂಸುಗಳೊಂದಿಗೆ ಒಂದು ಗಂಟೆ ಆಟ-ಮಾತುಗಳಲ್ಲಿ ತೊಡಗುತ್ತಿದ್ದಳು. ಇಪ್ಪತ್ತು ವರ್ಷಗಳ ನಂತರ ನೋಡಿದಾಗ, ಆಟ-ಮಾತು ದೊರೆತವರ ಗಳಿಕೆಯು ಅದು ದೊರೆಯದವರಿಗಿಂತ ಶೇ. ೨೫ರಷ್ಟು ಹೆಚ್ಚಾಗಿತ್ತು ಎಂದು ೨೦೧೪ರಲ್ಲಿ ವರದಿಯಾಯಿತು. ಬರೀ ಆಹಾರದಿಂದ ಅಂಥ ದೀರ್ಘ ಪರಿಣಾಮ ಕಾಣಲಿಲ್ಲ. ಅಲ್ಲಿನ ಕಾರ್ಯಕರ್ತೆ ಬಳಸಿದ್ದು ಮನೆಯಲ್ಲೇ ತಯಾರಿಸಿದ ಆಟಿಕೆ, ಹಾಡು, ಮಾತು. ಅಂದರೆ ಕಚಗುಳಿಯಾಟ, ಚಪ್ಪಾಳೆಯಾಟಗಳ ಜಾತಿಗೇ ಸೇರಿದ ಸರಕು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೮ರ ತನ್ನ ಪೋಷಣಾ ಚೌಕಟ್ಟಿನಲ್ಲಿ ಆರೋಗ್ಯ, ಆಹಾರ, ಸುರಕ್ಷತೆ, ಕಲಿಕೆಗಳೊಂದಿಗೆ ‘ಸ್ಪಂದಿಸುವ ಪಾಲನೆ’ಯನ್ನೂ ಸೇರಿಸಿದ್ದು ಇಂಥ ಆಧಾರಗಳಿಂದಲೇ.

ಇದಕ್ಕೆ ಪ್ರತಿಯಾದ ಎಚ್ಚರಿಕೆಯೂ ಇದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯವು ೧೯೯೭ರಲ್ಲಿ ಅತಿ ಕಡಿಮೆ ಶುಲ್ಕದ ಶಿಶುಪಾಲನೆಯನ್ನು ಎಲ್ಲರಿಗೂ ತೆರೆಯಿತು. ತಾಯಂದಿರ ಉದ್ಯೋಗ ಹೆಚ್ಚಿತು. ಆದರೆ ಮಕ್ಕಳಲ್ಲಿ ಆತಂಕ, ಸಿಡುಕುಗಳು ಹೆಚ್ಚಿದವೆಂದು ೨೦೦೮ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ವೇಗವಾಗಿ ಹರಡಿದ ಕೇಂದ್ರಗಳ ಗುಣಮಟ್ಟವು ಎಲ್ಲೆಡೆ ಒಂದೇ ಆಗಿರಲಿಲ್ಲವೆಂಬುದು ಇದಕ್ಕೆ ಕೊಡಲಾದ ವಿವರಣೆಗಳಲ್ಲಿ ಒಂದು. ಹೀಗಾಗಿ ಶಿಶುಪಾಲನಾ ಕೇಂದ್ರವು ಕೂಸಿಗೆ ಒಳಿತೋ ಕೆಡುಕೋ ಎಂಬ ಪ್ರಶ್ನೆಯೇ ಅಪೂರ್ಣವಾದದ್ದು. ಅಲ್ಲಿರುವವಳು ಯಾರು, ಎಷ್ಟು ಕೂಸುಗಳಿಗೆ ಒಬ್ಬಳು, ಎಷ್ಟು ಕಾಲ ಅದೇ ಒಬ್ಬಳು ಎಂದು ಕೇಳಬೇಕಾಗುತ್ತದೆ.

೫

ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು ೨೦೦೬ರ ಫೆಬ್ರವರಿಯಲ್ಲಿ ಮೊದಲ ಹಂತದಲ್ಲಿ ಜಾರಿಯಾದಾಗ ಕರ್ನಾಟಕದ ಐದು ಜಿಲ್ಲೆಗಳಲ್ಲಿ ದಾವಣಗೆರೆಯೂ ಒಂದಾಗಿತ್ತು. ಕಾಮಗಾರಿಯ ಸ್ಥಳದಲ್ಲಿ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಿ ಆಕೆಗೂ ಕೂಲಿ ಕೊಡಬೇಕೆಂದು ೨೦೦೫ರ ಆ ಕಾಯ್ದೆಯ ಅನುಸೂಚಿಯಲ್ಲಿತ್ತು. ಕೂಸನ್ನು ಆಡಿಸುವುದೂ ಕೂಲಿಗೆ ಅರ್ಹವಾದ ಕೆಲಸವೆಂದು ಹೊಲದ ದುಡಿಮೆಗೆ ಸಂಬಂಧಿಸಿದಂತೆ ಕಾನೂನು ಒಪ್ಪಿಕೊಂಡದ್ದು ಚಾರಿತ್ರಿಕವಾಗಿ ಮಹತ್ವದ ಸಂಗತಿ. ಆದರೆ ಬಯಲಿನ ಬಿಸಿಲಿನಲ್ಲಿ ಆ ವ್ಯವಸ್ಥೆಯು ಹಳೆಯ ಜೋಲಿಗಿಂತ ಹೆಚ್ಚಿನದೇನೂ ಆಗಲಿಲ್ಲ.

೨೦೨೩ರ ಜುಲೈ ೭ರಂದು ಮಂಡಿತವಾದ ರಾಜ್ಯ ಮುಂಗಡ ಪತ್ರವು ೪,೦೦೦ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಪ್ರಕಟಿಸಿತು. ಉದ್ಯೋಗ ಖಾತರಿಯಲ್ಲಿ ದುಡಿಯುವ ತಾಯಂದಿರ ಕೂಸುಗಳಿಗೆ ಸೂರು, ಆಹಾರ, ಆಟಿಕೆ. ಅದೇ ಊರಿನ ಉದ್ಯೋಗ ಚೀಟಿಯುಳ್ಳ ಮಹಿಳೆಯರೇ ತರಬೇತಿ ಪಡೆದ ಆರೈಕೆದಾರರು. ಅವರ ಕೂಲಿಯೂ ಅದೇ ಖಾತರಿಯಿಂದ. ಬಾಡಿಗೆಯ ಸಂಸ್ಕೃತ ಪದವನ್ನಾಗಲಿ ಆಂಗ್ಲ ಪದವನ್ನಾಗಲಿ ಹುಡುಕದೆ ಹಳ್ಳಿಯ ಮಾತಿನಲ್ಲೇ ಹೆಸರಿಟ್ಟದ್ದು, ಆರೈಕೆದಾರಳು ಕೂಸಿನ ಭಾಷೆ ಬಲ್ಲ ಊರಿನವಳೇ ಆಗಿದ್ದದ್ದು ಈ ಯೋಜನೆಯ ಹೆಗ್ಗಳಿಕೆಗಳು.

ಅದರ ಬಲವೇ ಅದರ ದೌರ್ಬಲ್ಯವೂ ಆಗಿತ್ತು. ಖಾತರಿಯ ಮಿತಿ ಒಂದು ಕುಟುಂಬಕ್ಕೆ ವರ್ಷಕ್ಕೆ ೧೦೦ ದಿನ. ಆರೈಕೆದಾರಳ ಕೂಲಿಯನ್ನು ಅದೇ ಮಿತಿಯೊಳಗೆ ಇಟ್ಟರೆ ಆಕೆ ನೂರು ದಿನಕ್ಕೆ ಎದ್ದು ಹೋಗಲೇಬೇಕು. ಆ ಜಾಗಕ್ಕೆ ಇನ್ನೊಬ್ಬಳು ಬರಬೇಕು. ಲೆಕ್ಕದ ಪುಸ್ತಕಕ್ಕೆ ಇದು ಸರದಿ. ಒಂದು ಮುಖವನ್ನು ಗುರುತಿಸಿ, ಅಳು ನಿಲ್ಲಿಸಿ, ಆ ದನಿಗೆ ಮಲಗಲು ಕಲಿತ ಹತ್ತು ತಿಂಗಳ ಕೂಸಿಗೆ ಅದು ಅಗಲಿಕೆ. ಅಕ್ಕನ ಪಾಲನೆಯಲ್ಲಿ ಕೊರತೆಗಳು ಎಷ್ಟೇ ಇದ್ದರೂ ಅಕ್ಕ ಬದಲಾಗುತ್ತಿರಲಿಲ್ಲ.

೨೦೨೫ರ ಡಿಸೆಂಬರ್‌ನಲ್ಲಿ ಸಂಸತ್ತು ಉದ್ಯೋಗ ಖಾತರಿ ಕಾಯ್ದೆಯ ಬದಲಿಗೆ ಹೊಸ ಕಾಯ್ದೆಯೊಂದನ್ನು ಅಂಗೀಕರಿಸಿತು. ಅದರಲ್ಲಿ ಕೆಲಸದ ದಿನಗಳು ೧೨೫ಕ್ಕೆ ಏರಿವೆ. ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ ಒಟ್ಟು ೬೦ ದಿನ ಕಾಮಗಾರಿಗಳನ್ನು ನಿಲ್ಲಿಸುವ ಏರ್ಪಾಡೂ ಇದೆ. ಹೊನ್ನಾಳಿಯ ನಾಟಿ, ಚನ್ನಗಿರಿಯ ಅಡಿಕೆ ಸುಲಿತ, ನ್ಯಾಮತಿಯ ಮೆಕ್ಕೆಜೋಳದ ಕಟಾವು, ಜಗಳೂರಿನ ಶೇಂಗಾ ಕೀಳುವ ಕೆಲಸ ಇವು ಉದ್ಯೋಗ ಖಾತರಿಯ ಕಾಮಗಾರಿಗಳಲ್ಲ. ತಾಯಿ ಅತಿ ಹೆಚ್ಚು ಹೊತ್ತು ಮನೆಯಿಂದ ಹೊರಗಿರುವುದು ಈ ದಿನಗಳಲ್ಲೇ. ಕೂಸಿನ ಮನೆಯ ಬಾಗಿಲನ್ನು ಕಾಮಗಾರಿಯ ಹಾಜರಿಗೆ ಕಟ್ಟಿದರೆ, ಕೂಸಿಗೆ ಅದು ಅತ್ಯಗತ್ಯವಾದ ದಿನಗಳಲ್ಲೇ ಮುಚ್ಚಿರುವ ಅಪಾಯವಿದೆ. ಗಿರಣಿಯ ಕಾನೂನು ಮಾಲೀಕನಿದ್ದಲ್ಲಿ ಮಾತ್ರ ಕೂಸನ್ನು ಕಂಡಂತೆ, ಇದು ಹಾಜರಿ ಪಟ್ಟಿಯಿದ್ದಲ್ಲಿ ಮಾತ್ರ ಕಾಣುವಂತಾಗಬಾರದು.

ತಾಂಡಾಗಳ ಮತ್ತು ಹಟ್ಟಿಗಳ ವಿಷಯದಲ್ಲಿ ಇನ್ನೊಂದು ಅಂಶವನ್ನು ಸೇರಿಸಬೇಕು. ಲಂಬಾಣಿ ಕೂಸು ಮೊದಲು ಕೇಳುವುದು ತಾಯಿಯ ಲಂಬಾಣಿ ಮಾತನ್ನು. ಮೂರು ವರ್ಷದೊಳಗೆ ಅದಕ್ಕೆ ಬೇಕಾದದ್ದು ತನ್ನ ತೊದಲಿಗೆ ತನ್ನದೇ ನುಡಿಯಲ್ಲಿ ಮರುನುಡಿಯುವವರು. ಕನ್ನಡವು ಅಂಗನವಾಡಿಯಲ್ಲಿ, ಶಾಲೆಯಲ್ಲಿ ಅದರ ಮೇಲೆ ಕೂಡಿಕೊಳ್ಳುತ್ತದೆ. ಪಂಚಾಯಿತಿ ಕೇಂದ್ರದ ಊರಿನಲ್ಲಿ ಒಂದೇ ಕೂಸಿನ ಮನೆಯಿದ್ದರೆ ದೂರದ ತಾಂಡಾದ ಕೂಸು ಅಲ್ಲಿಗೆ ತಲುಪುವುದೂ ಕಷ್ಟ, ತಲುಪಿದರೂ ಅದರ ಮಾತಿಗೆ ಮರುಮಾತು ದೊರೆಯುವುದೂ ಕಷ್ಟ.

ಒಟ್ಟಾರೆಯಾಗಿ ಹೇಳುವುದಾದರೆ, ಕೂಸಿನ ಮನೆಯನ್ನು ತಾಯಿಯ ಬದಲಿಯೆಂದು ತಿಳಿದು ಅನುಮಾನಿಸುವುದಕ್ಕಾಗಲಿ, ಆಧುನಿಕ ಸಂಸ್ಥೆಯೆಂದು ತಿಳಿದು ಕೊಂಡಾಡುವುದಕ್ಕಾಗಲಿ ಚರಿತ್ರೆಯಲ್ಲಿ ಆಧಾರವಿಲ್ಲ. ಅದು ನಿಂತಿರುವುದು ಶಾಲೆಗೆ ಹೋದ ಅಕ್ಕನ ಜಾಗದಲ್ಲಿ. ಆ ಜಾಗವನ್ನು ತುಂಬುವವಳಿಗೆ ವರ್ಷವಿಡೀ ನಿಲ್ಲುವ ಹುದ್ದೆ, ನಾಲ್ಕಾರು ಕೂಸುಗಳಿಗಿಂತ ಹೆಚ್ಚಾಗದ ಹೊರೆ, ಹೊಲದ ಹಂಗಾಮಿಗೆ ಹೊಂದುವ ವೇಳೆ ಇವು ದೊರೆಯಬೇಕು. ಆಕೆಯ ತರಬೇತಿಯ ಪಠ್ಯದಲ್ಲಿ ತೂಕದ ಚಾರ್ಟಿನ ಪಕ್ಕದಲ್ಲಿ ಆಯಾ ತಾಲ್ಲೂಕಿನ ಜೋಗುಳ, ಬೆರಳಾಟ, ಉಣಿಸುವ ಕತೆಗಳಿಗೂ ಸ್ಥಾನವಿರಬೇಕು. ಈ ಸಾಮಗ್ರಿಯನ್ನು ಒದಗಿಸುವುದು ಜ್ಞಾನಶಿಸ್ತಾಗಿ ಜಾನಪದಕ್ಕೆ ಒದಗಿರುವ ಕರ್ತವ್ಯ. ದಶಕಗಳಿಂದ ಸಂಗ್ರಹಿಸಿ ಸಂಪುಟಗಳಲ್ಲಿಟ್ಟ ಜೋಗುಳಗಳು ಯಾವ ಕೂಸುಗಳಿಗಾಗಿ ಹುಟ್ಟಿದವೋ ಅಂಥ ಕೂಸುಗಳ ಬಳಿಗೆ ಅವುಗಳನ್ನು ಮರಳಿ ಒಯ್ಯುವ ಕೆಲಸವು, ಇನ್ನಷ್ಟು ಜೋಗುಳಗಳನ್ನು ಸಂಗ್ರಹಿಸುವ ಕೆಲಸಕ್ಕಿಂತ ಇಂದು ಹೆಚ್ಚು ತುರ್ತಿನದಾಗಿದೆ.